ಗೋಮಾ ಟವರಿನ ಗೊಣಗಾಟ

ಕಾಂಗೋದ ಗೋಮಾ, ರುವಾಂಡಾದ ಗಿಸೆನ್ಯಿ ಎರಡೂ ಕಿವು ಸರೋವರದ ದಡದಲ್ಲಿ ಒಂದಕ್ಕೊಂದು ಅಂಟಿಕೊಂಡ ಊರುಗಳು. ನಡುವೆ ಗಡಿ. ಗೋಮಾ ಕಡೆ, ಲಾವಾದ ಕರಿಕಲ್ಲಿನ ಮೇಲೆ ನಿಂತ ಮೊಬೈಲ್ ಟವರೊಂದನ್ನು ಮಾತಾಡಿಸಿದೆವು.

ನಾವು: ನಮಸ್ಕಾರ. ಕನ್ನಡ ಬರುತ್ತದೆಯೇ?

ಟವರ್: ಬರದೇ ಏನು? ನಿಮ್ಮ ದೇಶದ ಶಾಂತಿಪಡೆಯವರು ವರ್ಷಗಟ್ಟಲೆ ಇಲ್ಲೇ ಬೀಡುಬಿಟ್ಟಿದ್ದರು. ಅವರಲ್ಲೊಬ್ಬ ದಿನಾ ಸಂಜೆ 'ಯವ್ವಾ, ಉಂಡ್ಯಾ?' ಅಂತಿದ್ದ. ಕದ್ದು ಕೇಳಿದ್ದಲ್ಲ ಮತ್ತೆ, ಮಾತು ನನ್ನ ಮೈಮೇಲೇ ಹಾದುಹೋಗಬೇಕಲ್ಲ.

ನಾವು: ಗಡಿಯಾಚೆ ಶೇ. 95ಕ್ಕೂ ಹೆಚ್ಚು ಜನರಿಗೆ 4ಜಿ ಸಿಗುತ್ತದಂತೆ.

ಟವರ್: ಶುರುವಾಯಿತು! ಅದು 26,338 ಚದರ ಕಿ.ಮೀ. ನಾಡು. ಅಂಥವು 89 ಸೇರಿದರೆ ನಮ್ಮದು. ಅಲ್ಲಿ ಯಾವ ಗುಡ್ಡದ ನೆತ್ತಿಗೆ ಟವರ್ ನೆಟ್ಟರೂ ಇಳಿಜಾರಿನಲ್ಲೆಲ್ಲ ಮನೆ, ಬಾಳೆತೋಟ, ಮತ್ತೆ ಮನೆ. ಶೇಕಡಾ ಲೆಕ್ಕದವರು ಎಣಿಸುವುದು ತಲೆಯನ್ನು, ನೆಲವನ್ನಲ್ಲ. ನಮ್ಮ ಮಳೆಕಾಡಿನಲ್ಲಿ ಆನೆ, ಒಕಾಪಿ ಎಷ್ಟಿದ್ದರೇನು, ಒಂದೂ ರೀಚಾರ್ಜ್ ಮಾಡಿಸುವುದಿಲ್ಲ.

ನಾವು: ಜನರಿರುವ ಕಡೆಯೂ ಸಿಗ್ನಲ್ ಇಲ್ಲವಲ್ಲ?

ಟವರ್: ಕರೆಂಟಿಲ್ಲ, ಅದಕ್ಕೆ ಜನರೇಟರ್. ಜನರೇಟರಿಗೆ ಡೀಸೆಲ್, ಡೀಸೆಲಿಗೆ ಲಾರಿ, ಲಾರಿಗೆ ರಸ್ತೆ. ರಸ್ತೆ ಎಲ್ಲಿದೆ? ಇದ್ದ ಕಡೆ ಬಂದೂಕಿನವರು ಅಡ್ಡ ನಿಂತಿರುತ್ತಾರೆ. ಒಳನಾಡಿನ ನನ್ನ ತಮ್ಮಂದಿರು ಕೆಲವರು ಸೋಲಾರ್ ಕಟ್ಟಿಕೊಂಡು ಬಿಸಿಲುಂಡು ಬದುಕುತ್ತಿದ್ದಾರೆ. ನಾನು ಹಳೇ ಕುಡುಕ. ಡೀಸೆಲ್ಲೇ ಆಗಬೇಕು.

ನಾವು: ಹೊಟ್ಟೆಕಿಚ್ಚೇ?

ಟವರ್: ನಮಗೇಕೆ? ಕಿನ್ಶಾಸಾದಲ್ಲಿ 1980ರ ದಶಕದಲ್ಲೇ ಟೆಲಿಸೆಲ್ ಇತ್ತು, ಆಫ್ರಿಕಾದ ಮೊದಮೊದಲ ಮೊಬೈಲ್ ಜಾಲಗಳಲ್ಲಿ ಒಂದು. ಆಗ ನಮ್ಮ ದೇಶದ ಹೆಸರು ಜೈರ್. ಹ್ಯಾಂಡ್‌ಸೆಟ್ಟಿಗೆ ಸಾವಿರಾರು ಡಾಲರ್; ಸರ್ವಾಧಿಕಾರಿ ಮೊಬುಟು ದರ್ಬಾರಿನವರ ಕೈಯಲ್ಲಷ್ಟೇ ರಿಂಗಣ. ರುವಾಂಡಾಕ್ಕೆ ಮೊಬೈಲ್ ಕಂಪನಿ ಎಂಟಿಎನ್ ಕಾಲಿಟ್ಟದ್ದು 1998ರಲ್ಲಿ. ಆದರೆ ಟೆಲಿಸೆಲ್ ಕಟ್ಟಿದ ಮಿಕೊ ರ್ವಾಯಿತಾರೆ ಹುಟ್ಟಿದ್ದು ಮಾತ್ರ ರುವಾಂಡಾದಲ್ಲಿ. ಇದನ್ನು ಸಣ್ಣ ಅಕ್ಷರದಲ್ಲಿ ಹಾಕಿ.

ನಾವು: ಅಂತೂ ಆಚೆ ಎಲ್ಲವೂ ಸುಖ?

ಟವರ್: ಸಿಗ್ನಲ್ ಹೊಸ್ತಿಲಿಗೆ ಬಂದು ನಿಂತಿದೆ, ಒಳಗೆ ಕರೆಯಲು ಸ್ಮಾರ್ಟ್‌ಫೋನ್ ಇಲ್ಲದ ಮನೆಗಳೇ ಬಹಳ. ನೆಂಟರು ಬಂದರು, ಹಾಸಲು ಚಾಪೆಯಿಲ್ಲ.

ನಾವು: ಫೋನೆಂದರೆ ನಿಮ್ಮ ಕೋಲ್ಟಾನ್...

(ಜನರೇಟರ್ ಒಮ್ಮೆ ಕೆಮ್ಮಿತು.)

ಟವರ್: ಮಸಿಸಿ ಬೆಟ್ಟಗಳಲ್ಲಿ ರುಬಾಯಾ ಅಂತ ಊರು. ಸಲಿಕೆ, ಹಾರೆ ಹಿಡಿದು ಅಗೆದು, ಮಣ್ಣು ತೊಳೆದು ಕೋಲ್ಟಾನ್ ಅದಿರು ತೆಗೆಯುತ್ತಾರೆ. ಅದರ ಟ್ಯಾಂಟಲಮ್ ಹೋಗುವುದು ಫೋನಿನೊಳಗಿನ ಪುಟಾಣಿ ಕೆಪಾಸಿಟರುಗಳಿಗೆ. ನಿಮ್ಮ ಜೇಬಿನಲ್ಲೂ ನಮ್ಮ ಗುಡ್ಡದ ಚೂರು ಇದ್ದೀತು. ಅಗೆದವನು ಮನೆಗೊಂದು ಮಾತು ಹೇಳಬೇಕೆಂದರೆ ದಿಬ್ಬ ಹತ್ತಿ, ಕೈಯೆತ್ತಿ ಸಿಗ್ನಲ್ ಹುಡುಕಬೇಕು.

ಅಷ್ಟರಲ್ಲಿ ನಮ್ಮ ಫೋನ್ ಕುಂಯ್‌ಗುಟ್ಟಿತು. 'ರುವಾಂಡಾಕ್ಕೆ ಸ್ವಾಗತ.'

ನಾವು: ನಾವು ನಿಂತಿರುವುದು ಕಾಂಗೋದಲ್ಲಿ ತಾನೇ?

ಟವರ್: ಕಾಂಗೋದಲ್ಲೇ. ಈ ಊರು 2025ರ ಜನವರಿಯಲ್ಲಿ ಎಂ23 ಬಂಡುಕೋರರ ಕೈಗೆ ಹೋಯಿತು, ಅದು ಬೇರೆ ಕಥೆ. ನಮ್ಮ ಅದಿರೂ ಕಳ್ಳದಾರಿಯಲ್ಲಿ ಗಡಿ ದಾಟಿ ಅಲ್ಲಿಯ ಅದಿರಿನಲ್ಲಿ ಬೆರೆಯುತ್ತದೆ ಅಂತ ವಿಶ್ವಸಂಸ್ಥೆಯ ತಜ್ಞರು ಬರೆದರು. ರುವಾಂಡಾ ಸರ್ಕಾರ ಇಲ್ಲ ಅಂದಿತು. ಅದಿರಿಗೂ ಇಂಥದ್ದೇ ಒಂದು ಮೆಸೇಜ್ ಬಂದಿರಬೇಕು. ನೀವು ಮೊದಲು ಡೇಟಾ ಆಫ್ ಮಾಡಿ. ರೋಮಿಂಗ್ ಬೀಳುತ್ತದೆ.