ಸರ್ಕ್ಯುಲರಣ್ಣ

ದಾವಣಗೆರೆಯದ್ದಾಗಲಿ, ಹುಬ್ಬಳ್ಳಿಯದ್ದಾಗಲಿ, ಬೆಂಗಳೂರು ರಿಂಗ್ ರೋಡಿನ ಗಾಜಿನ ಕಟ್ಟಡವೇ ಆಗಲಿ, ಯಾವ ಖಾಸಗಿ ಆಸ್ಪತ್ರೆಗೆ ಬೇಕಾದರೂ ಹೋಗಿ; ಸಿಬ್ಬಂದಿ ಕ್ಯಾಂಟೀನಿನ ಮೂಲೆ ಟೇಬಲ್ಲಿನಲ್ಲಿ ಒಬ್ಬ ಸರ್ಕ್ಯುಲರಣ್ಣ ಸಿಕ್ಕೇ ಸಿಗುತ್ತಾನೆ. ಹುದ್ದೆಯಲ್ಲಿ ಆತ ಲ್ಯಾಬ್ ಟೆಕ್ನಿಷಿಯನ್ ಇರಬಹುದು, ಎಕ್ಸ್‌ರೇ ವಿಭಾಗದವನಿರಬಹುದು, ಫಾರ್ಮಸಿಯ ಸ್ಟೋರ್ ನೋಡಿಕೊಳ್ಳುವವನಿರಬಹುದು. ಡಾಕ್ಟರಂತೂ ಅಲ್ಲ. ಡಾಕ್ಟರುಗಳು ತಮ್ಮದೇ ನೇಮಕಾತಿ ಪತ್ರವನ್ನು ಪೂರ್ತಿ ಓದಿದ್ದನ್ನು ಯಾರೂ ಕಂಡಿಲ್ಲ.

ವಯಸ್ಸು ಐವತ್ತರ ಆಜೂಬಾಜು. ಜೇಬಿನಲ್ಲಿ ಎರಡು ಪೆನ್ನು: ಒಂದು ಡ್ಯೂಟಿಗೆ, ಇನ್ನೊಂದು ಬೇರೆಯವರ ಅರ್ಜಿ ತುಂಬುವುದಕ್ಕೆ. ಮೊಬೈಲಿನಲ್ಲಿ ಮಕ್ಕಳ ಫೋಟೋಕ್ಕಿಂತ ಪಿಡಿಎಫ್ ಜಾಸ್ತಿ. ಹೊಸದಾಗಿ ಸೇರಿದ ನರ್ಸ್ ಹುಡುಗಿಗೆ ಮೊದಲ ವಾರ ವಾರ್ಡು, ಲಿಫ್ಟು, ಕೈತೊಳೆಯುವ ಕ್ರಮ ಎಲ್ಲವನ್ನೂ ಆಸ್ಪತ್ರೆ ಕಲಿಸುತ್ತದೆ. ಸಂಬಳದ ಚೀಟಿ ಓದುವುದನ್ನು ಮಾತ್ರ ಸರ್ಕ್ಯುಲರಣ್ಣನೇ ಕಲಿಸಬೇಕು.

ಎಚ್‌ಆರ್ ವಿಭಾಗದಿಂದ ಬರುವ ಮೇಲ್‌ಗಳನ್ನು ಆತ ಓದುವ ಕ್ರಮವೇ ಬೇರೆ. ಎಲ್ಲರೂ ಮೇಲಿನಿಂದ ಕೆಳಗೆ ಓದಿದರೆ ಆತ ಕೊನೆಯ ಪ್ಯಾರಾದಿಂದ ಮೇಲಕ್ಕೆ ಹತ್ತುತ್ತಾನೆ. ‘ತಿಳಿಸಲು ಹರ್ಷಿಸುತ್ತೇವೆ’ ಎಂದು ಶುರುವಾದ ಮೇಲ್ ಎಂದರೆ ಏನೋ ಒಂದು ಕಡಿತ ಖಾತ್ರಿ ಎಂಬುದು ಆತನ ಅನುಭವ. ‘ರಜಾ ನೀತಿಯನ್ನು ಸರಳಗೊಳಿಸಲಾಗಿದೆ’ ಎಂದರೆ ಎರಡು ಬಗೆಯ ರಜೆ ಒಂದಾಗಿ, ಒಟ್ಟು ಲೆಕ್ಕದಲ್ಲಿ ನಾಲ್ಕು ದಿನ ಮಾಯ. ‘ಸಿಬ್ಬಂದಿಯ ಸಲಹೆಯ ಮೇರೆಗೆ’ ಎಂದಿದ್ದರೆ ಸುತ್ತ ಒಮ್ಮೆ ಕಣ್ಣಾಡಿಸಿ, “ಯಾರಪ್ಪಾ ಆ ಸಲಹೆ ಕೊಟ್ಟ ಪುಣ್ಯಾತ್ಮ?” ಎಂದು ಕೇಳುತ್ತಾನೆ. ಇಂದಿನವರೆಗೆ ಯಾವ ಟೇಬಲ್ಲಿನಿಂದಲೂ ಕೈ ಎದ್ದಿಲ್ಲ.

ಅಣ್ಣನ ನಿಜವಾದ ಕಸುಬು ಗೊತ್ತಾಗುವುದು ಏಪ್ರಿಲ್ ಇಂಕ್ರಿಮೆಂಟಿನ ಹೊತ್ತಿಗೆ. ಸಂಬಳ ಹೆಚ್ಚುತ್ತದೆ ಎಂದರೆ ಲೋಕವೆಲ್ಲ ಖುಷಿಪಡುತ್ತದೆ. ಆಸ್ಪತ್ರೆಯ ವಾರ್ಡ್ ಬಾಯ್‌ಗಳು, ಆಯಾಗಳು, ಬಿಲ್ಲಿಂಗ್ ಕೌಂಟರಿನ ಹುಡುಗರು ಮಾತ್ರ ಗಾಬರಿಯಾಗಿ ಆತನ ಹತ್ತಿರ ಓಡಿ ಬರುತ್ತಾರೆ. ಕಾರಣ 21,000 ರೂಪಾಯಿಯ ಗೆರೆ. 2017ರ ಜನವರಿಯಲ್ಲಿ ಇಎಸ್‌ಐಗೆ ಹಾಕಿದ ಸಂಬಳದ ಮಿತಿ ಅದು. 20,900 ಸಂಬಳದವನ ಕೈಯಿಂದ ತಿಂಗಳಿಗೆ ಹೋಗುವುದು ಶೇ 0.75ರಂತೆ 157 ರೂಪಾಯಿ. ಆಡಳಿತ ಮಂಡಳಿ ಶೇ 3.25 ಸೇರಿಸುತ್ತದೆ. ಅಷ್ಟಕ್ಕೆ ಹೆಂಡತಿ, ಮಕ್ಕಳು, ಅವಲಂಬಿತ ಅಪ್ಪ ಅಮ್ಮ ಎಲ್ಲರ ಚಿಕಿತ್ಸೆ ನಡೆಯುತ್ತದೆ. ಐನೂರು ರೂಪಾಯಿ ಇಂಕ್ರಿಮೆಂಟ್ ಬಂದರೆ ಗೆರೆ ದಾಟಿದಂತೆ, ಇಎಸ್‌ಐ ಬಿಟ್ಟುಹೋದಂತೆ. ಅಪ್ಪನಿಗೆ ಡಯಾಲಿಸಿಸ್ ಮಾಡಿಸುತ್ತಿರುವವನು, “ಅಣ್ಣಾ, ಇಂಕ್ರಿಮೆಂಟ್ ಬೇಡ ಅಂತ ಬರೆದುಕೊಡಬಹುದಾ?” ಎಂದು ಕೇಳಿದರೆ ನಗುವ ಹಾಗಿಲ್ಲ.

ಅಣ್ಣ ನಗುವುದೂ ಇಲ್ಲ. ಎರಡನೇ ಪೆನ್ನು ತೆಗೆದು ಪೇಪರ್ ನ್ಯಾಪ್‌ಕಿನ್ ಮೇಲೆ ಎರಡು ಗೀಟು ಹಾಕುತ್ತಾನೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಅವಧಿಯ ನಡುವೆ ಸಂಬಳ ಗೆರೆ ದಾಟಿದರೆ ಆ ಅವಧಿ ಮುಗಿಯುವವರೆಗೂ ವಂತಿಗೆ ಕಟ್ಟಬೇಕು, ವಿಮೆಯೂ ಕೈಬಿಡುವುದಿಲ್ಲ. “ಇಂಕ್ರಿಮೆಂಟ್ ಏಪ್ರಿಲ್ ಒಂದಕ್ಕೆ ಬೇಡ, ಮೇ ತಿಂಗಳಿಂದ ಕೊಡಿ ಅನ್ನು. ಸೆಪ್ಟೆಂಬರ್‌ವರೆಗೆ ಬಚಾವ್” ಎನ್ನುತ್ತಾನೆ. ಸಂಬಳ ಒಂದು ತಿಂಗಳು ತಡವಾಗಿ ಏರಲಿ ಎಂದು ಬೇಡಿಕೊಂಡು ಬಂದ ನೌಕರನನ್ನು ಎಚ್‌ಆರ್‌ನವರು ಹೇಗೆ ನೋಡುತ್ತಾರೆ ಎಂಬುದು ಆತನ ಚಿಂತೆಯಲ್ಲ.

ಇಎಸ್‌ಐ ವಿಷಯದಲ್ಲಿ ಆತ ಪದೇ ಪದೇ ಹೇಳುವ ಒಂದು ಪ್ರಸಂಗವಿದೆ. ವಾರ್ಡ್ ಬಾಯ್ ಒಬ್ಬನಿಗೆ ಎದೆನೋವು ಬಂತು. ಹೃದ್ರೋಗ ವಿಭಾಗ ಎರಡು ಮಹಡಿ ಮೇಲಿದೆ, ದಿನಕ್ಕೆ ಹತ್ತು ರೋಗಿಗಳನ್ನು ಅಲ್ಲಿಗೆ ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋಗುವವನು ಅವನೇ. ಆದರೆ ತನ್ನ ಎದೆಗೆ ಆತ ಹೋಗಬೇಕಾದದ್ದು ತನ್ನ ಬಡಾವಣೆಯ ಇಎಸ್‌ಐ ಡಿಸ್ಪೆನ್ಸರಿಗೆ, ಅಲ್ಲಿಂದ ಇಎಸ್‌ಐ ಆಸ್ಪತ್ರೆಗೆ. ಅಲ್ಲಿಯವರು ಪರೀಕ್ಷಿಸಿ, ಒಪ್ಪಂದವಿರುವ ಖಾಸಗಿ ಆಸ್ಪತ್ರೆಗೆ ರೆಫರಲ್ ಪತ್ರ ಕೊಟ್ಟರು. ಪತ್ರ ತೆರೆದು ನೋಡಿದರೆ ತನ್ನದೇ ಆಸ್ಪತ್ರೆಯ ಹೆಸರು! ಮರುದಿನ ಯೂನಿಫಾರ್ಮ್ ಬಿಟ್ಟು ಬಂದವನನ್ನು ಸೆಕ್ಯುರಿಟಿಯವ, “ಸಿಬ್ಬಂದಿಗೆ ಹಿಂದಿನ ಗೇಟು” ಎಂದು ತಡೆದ. “ಇವತ್ತು ನಾನು ಮುಂದಿನ ಗೇಟಿನವನು” ಎಂದು ರೆಫರಲ್ ಪತ್ರ ಎತ್ತಿ ತೋರಿಸಿದನಂತೆ. ಪ್ರತಿ ಸಲ ಇದನ್ನು ಹೇಳುವಾಗಲೂ ಆ ಪತ್ರದ ಮೊಹರು ಅಣ್ಣನ ಬಾಯಲ್ಲಿ ಇನ್ನಷ್ಟು ದೊಡ್ಡದಾಗುತ್ತದೆ.

ಪಿಎಫ್ ಬೇರೆಯದೇ ಪುರಾಣ. ಕೊಲ್ಲಿ ದೇಶಕ್ಕೋ ಇಂಗ್ಲೆಂಡಿಗೋ ಹೊರಟ ನರ್ಸ್, ವೀಸಾ ಬಂದ ಮೇಲೆ ಪಿಎಫ್ ತೆಗೆಯಲು ಕೂರುತ್ತಾಳೆ. ಹನ್ನೆರಡು ಅಂಕಿಯ ಯುಎಎನ್ ಇದೆ, ಪಾಸ್‌ವರ್ಡ್ ಇದೆ, ದುಡ್ಡೂ ಇದೆ. ಹೆಸರು ಮಾತ್ರ ಹೊಂದುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್. ಆಧಾರ್‌ನಲ್ಲಿ ಅದೇ ಇನಿಷಿಯಲ್ ಬಿಚ್ಚಿಕೊಂಡು ಅಪ್ಪನ ಪೂರ್ತಿ ಹೆಸರಾಗಿದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೂ ಸೇರಿ ಮೂರು ಪದ. ಪಿಎಫ್ ದಾಖಲೆಯಲ್ಲಿ ಎಲ್ಲ ಸರಿಯಿದೆ, ನಡುವೆ ಒಂದು ಚುಕ್ಕೆ. ಆ ಚುಕ್ಕೆ ತೆಗೆಸಲು ಜಾಯಿಂಟ್ ಡಿಕ್ಲರೇಷನ್. ಅದಕ್ಕೆ ಮಾಲೀಕರ ಒಪ್ಪಿಗೆ. ಒಪ್ಪಿಗೆ ಕೊಡಬೇಕಾದವರು ರಜೆಯಲ್ಲಿ. ನಾಲ್ಕೂ ದಾಖಲೆಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿ, ಕನ್ನಡಕ ಹಣೆಗೇರಿಸಿ ಆ ಚುಕ್ಕೆಯನ್ನು ದಿಟ್ಟಿಸುವಾಗ ಅಣ್ಣನ ಮುಖದಲ್ಲಿ ಮೈಕ್ರೋಸ್ಕೋಪಿನಲ್ಲಿ ಮಲೇರಿಯಾ ಪತ್ತೆಯಾದ ಕಳೆ ಇರುತ್ತದೆ.

ಹಣ ತೆಗೆಯಲು 2025ರ ಅಕ್ಟೋಬರ್‌ವರೆಗೆ ಕಾರಣಗಳೇ ಹದಿಮೂರು ಬಗೆ ಇದ್ದವು: ಮದುವೆ, ಮನೆ, ಕಾಯಿಲೆ ಹೀಗೆ. ಆ ತಿಂಗಳು ಪಿಎಫ್ ಟ್ರಸ್ಟಿಗಳ ಮಂಡಳಿ ಅವನ್ನೆಲ್ಲ ಮೂರಕ್ಕೆ ಇಳಿಸಲು ತೀರ್ಮಾನಿಸಿದಾಗ ಕ್ಯಾಂಟೀನಿನಲ್ಲಿ ಬೇಜಾರಾದವನು ಆತನೊಬ್ಬನೇ. ಹದಿಮೂರನ್ನೂ ಕ್ರಮವಾಗಿ ಬಾಯಿಪಾಠ ಮಾಡಿಟ್ಟುಕೊಂಡಿದ್ದ.

ಕಾಯ್ದೆ ಕಾನೂನುಗಳ ವಿಷಯದಲ್ಲಿ ಇಷ್ಟೆಲ್ಲ ನಡೆಯುವ ಅಣ್ಣನಿಗೆ ಆಸ್ಪತ್ರೆಯಲ್ಲಿ ಒಬ್ಬರೇ ಒಬ್ಬರು ಎದುರಾಳಿ: ಇನ್‌ಚಾರ್ಜ್ ಸಿಸ್ಟರ್. ಆಕೆಯ ಬಳಿ ಪಿಡಿಎಫ್ ಇಲ್ಲ. ಉದ್ದನೆಯ ರಿಜಿಸ್ಟರಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಡ್ಯೂಟಿ ರೋಸ್ಟರ್ ಇದೆ. ಅದರಲ್ಲಿ ನೀಲಿ ಶಾಯಿ ಡೇ, ಕೆಂಪು ಶಾಯಿ ನೈಟ್, ಪೆನ್ಸಿಲ್ಲಿನಲ್ಲಿ ಬರೆದದ್ದು ರಜೆ. ರಜೆಯನ್ನು ಪೆನ್ಸಿಲ್ಲಿನಲ್ಲೇ ಏಕೆ ಬರೆಯುತ್ತಾರೆ ಎಂದು ವಿವರಿಸುವ ಅಗತ್ಯ ಯಾವ ನರ್ಸಿಗೂ ಇಲ್ಲ. “ಕಾಯ್ದೆ ನಿಮ್ಮದು, ರೋಸ್ಟರ್ ನನ್ನದು” ಎನ್ನುತ್ತಾರೆ ಸಿಸ್ಟರ್. ಅವರದೂ ತಪ್ಪಲ್ಲ. ಐಸಿಯುನಲ್ಲಿ ಎಂಟು ವೆಂಟಿಲೇಟರ್ ಓಡುತ್ತಿರುವಾಗ, ನಾಲ್ವರು ಬರಬೇಕಾದ ನೈಟಿಗೆ ಮೂವರು ಬಂದರೆ, ಯಾವ ಸೆಕ್ಷನ್ನೂ ಬಂದು ಸಕ್ಷನ್ ಮಾಡುವುದಿಲ್ಲ.

ಇವರಿಬ್ಬರ ದೊಡ್ಡ ಕದನ ನಡೆದದ್ದು 2025ರ ಕೊನೆಯಲ್ಲಿ. ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು ರಾಜ್ಯ ಸಚಿವ ಸಂಪುಟ ಅಕ್ಟೋಬರ್‌ನಲ್ಲಿ ಒಪ್ಪಿತು. ಹಿಂದೆಯೇ ಆದೇಶವೂ ಬಂತು. ಲ್ಯಾಬಿನ ಗಂಡಸೊಬ್ಬ ಮುಟ್ಟಿನ ರಜೆಯ ಆದೇಶದ ಪ್ರಿಂಟು ಹಿಡಿದು ನರ್ಸುಗಳ ಕೊಠಡಿಗೆ ಹೋಗುವುದು ಹೇಗೆ? ಅಣ್ಣ ಅದನ್ನು ಕವರಿನಲ್ಲಿ ಹಾಕಿ, ಮೇಲೆ ‘ಮುಖ್ಯ’ ಎಂದು ಬರೆದು, ಆಯಾಳ ಕೈಯಲ್ಲಿ ಕಳಿಸಿದ. ಸಿಸ್ಟರ್ ಕವರ್ ಒಡೆದು ಓದಿ, ಅದನ್ನು ಹಿಡಿದುಕೊಂಡೇ ಕ್ಯಾಂಟೀನಿಗೆ ಬಂದರು. “ನನ್ನ ವಾರ್ಡಿನಲ್ಲಿ ಇಪ್ಪತ್ತೆರಡು ಹುಡುಗಿಯರು. ತಿಂಗಳಿಗೆ ಇಪ್ಪತ್ತೆರಡು ರಜೆ. ಆ ಇಪ್ಪತ್ತೆರಡು ಡ್ಯೂಟಿ ಯಾರು ಮಾಡುತ್ತಾರೆ, ನೀವಾ?” ಎಂದು ಎಲ್ಲರ ಮುಂದೆ ಕೇಳಿದರು. ಅಣ್ಣ ಜಗ್ಗಲಿಲ್ಲ. ಆದೇಶದಲ್ಲಿ ಕಾರ್ಖಾನೆ, ಅಂಗಡಿ, ಪ್ಲಾಂಟೇಷನ್, ಬೀಡಿ, ಮೋಟಾರು ಸಾರಿಗೆ ಎಂದು ಐದು ಕಾಯ್ದೆಗಳ ಹೆಸರಿದೆ. ಆಸ್ಪತ್ರೆ ಯಾವುದರಡಿ ಬರುತ್ತದೆಂದು ಮೊದಲು ಎಚ್‌ಆರ್ ಲಿಖಿತವಾಗಿ ತಿಳಿಸಲಿ, ಆಮೇಲೆ ಮಾತಾಡೋಣ ಎಂದ. ಅಂದು ಸಂಜೆಯೇ ಆ ಪತ್ರ ಹೋಯಿತು. ಅದಕ್ಕೆ ಕಾಯದೆ ಸಿಸ್ಟರ್ ಏನು ಮಾಡಿದರೆಂದರೆ, ಹೊಟ್ಟೆನೋವೆಂದ ಹುಡುಗಿಯರ ನೈಟನ್ನು ಸದ್ದಿಲ್ಲದೆ ಡೇಗೆ ಬದಲಿಸಿದರು. ಪೆನ್ಸಿಲ್ಲಿನಲ್ಲಿ.

ಹೆರಿಗೆ ರಜೆಯಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. 2017ರ ತಿದ್ದುಪಡಿಯ ನಂತರ ಹನ್ನೆರಡು ವಾರ ಇದ್ದದ್ದು ಇಪ್ಪತ್ತಾರು ವಾರವಾಯಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಲು ಬಿಡಬೇಕು. ನೆಲಮಾಳಿಗೆಯಲ್ಲಿ ಆ ಹೆಸರಿನ ಒಂದು ಕೋಣೆಯೂ ಇದೆ. ಗೋಡೆಯ ಮೇಲೆ ಆನೆ, ಮೊಲ, ಚಿಟ್ಟೆ. ನೆಲದ ಮೇಲೆ ಮುರಿದ ಡ್ರಿಪ್ ಸ್ಟ್ಯಾಂಡು, ಮೂರು ಚಕ್ರದ ವೀಲ್‌ಚೇರು, 2019ರ ಬಿಲ್ಲುಗಳ ಕಟ್ಟು. ತಪಾಸಣೆಯವರು ಬರುವ ದಿನ ವೀಲ್‌ಚೇರು ಆಚೆ ಹೋಗುತ್ತದೆ, ಅಕೌಂಟ್ಸ್‌ನವರ ಮನೆಯಿಂದ ಒಂದು ತೊಟ್ಟಿಲು ಒಳಗೆ ಬರುತ್ತದೆ. ಆ ತೊಟ್ಟಿಲಿಗೂ ಗೇಟ್ ಪಾಸ್ ಮಾಡಿಸಬೇಕೆಂದು ಹಟ ಹಿಡಿದವನು ಅಣ್ಣ. ದಾಖಲೆ ಇರಬೇಕಲ್ಲ.

ಆತನಿಗೆ ಸಣ್ಣತನವೂ ಇದೆ. ತನಗಿಂತ ಮೊದಲು ಬೇರೆಯವರು ಹೊಸ ಆದೇಶವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮುಖ ಊದಿಸುತ್ತಾನೆ. ‘ಮೂಲ ಪ್ರತಿ ಇದೆಯೇ?’ ಎಂದು ಕೇಳಿ ಉತ್ಸಾಹಕ್ಕೆ ನೀರೆರಚುತ್ತಾನೆ. ಕೆಲಸದ ಭಾರದ ಬಗ್ಗೆ ಯಾರಾದರೂ ಗೊಣಗಿದರೆ 1978ಕ್ಕೆ ಹೊರಟುಬಿಡುತ್ತಾನೆ. ಆ ವರ್ಷ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದ್ದ ಏಳು ನ್ಯಾಯಮೂರ್ತಿಗಳ ಪೀಠ, ಆಸ್ಪತ್ರೆಯೂ ‘ಉದ್ಯಮ’ದ ವ್ಯಾಪ್ತಿಗೆ ಬರುತ್ತದೆ ಎಂದಿತು; ಆಸ್ಪತ್ರೆ ಉದ್ಯಮವಲ್ಲ ಎಂದಿದ್ದ 1970ರ ಸಫ್ದರ್‌ಜಂಗ್ ತೀರ್ಪು ಬಿದ್ದುಹೋಯಿತು. “ನೀರಿನ ನಲ್ಲಿಯವರು ಹಾಕಿದ ಕೇಸಿನಿಂದ ನಿನಗೆ ಹಕ್ಕು ಬಂತು, ಗೊತ್ತಾ?” ಎಂದು ಆತ ಕೇಳುವಷ್ಟರಲ್ಲಿ ಗೊಣಗಿದವನು ಟೀ ಲೋಟ ಇಟ್ಟು ಎದ್ದಿರುತ್ತಾನೆ.

2025ರ ನವೆಂಬರ್ 21 ಆತನಿಗೆ ಸೂತಕದ ದಿನವಾಗಿ ಶುರುವಾಯಿತು. ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿ, ಆತ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡ ಕಾಯ್ದೆಗಳೂ ಸೇರಿದಂತೆ ಇಪ್ಪತ್ತೊಂಬತ್ತು ಹಳೆಯ ಕಾಯ್ದೆಗಳ ಜಾಗಕ್ಕೆ ಬಂದವು. ಎರಡು ದಿನ ಮಾತಿಲ್ಲ. ಮೂರನೇ ದಿನ ಕ್ಯಾಂಟೀನಿಗೆ ಬಂದವನ ಮುಖದಲ್ಲಿ ಮತ್ತೆ ಬೆಳಕು. ಒಟ್ಟು ಸಂಬಳದಲ್ಲಿ ಭತ್ಯೆಗಳ ಪಾಲು ಅರ್ಧ ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಲೆಕ್ಕ ಹಾಕಬೇಕು ಎಂಬ ಸಾಲು ಸಿಕ್ಕಿತ್ತು.

ಹನ್ನೆರಡು ವರ್ಷ ಏಳು ತಿಂಗಳು ಸರ್ವಿಸಿನ ಒಬ್ಬ ನರ್ಸಿನ ಚೀಟಿ ಇಸಿದುಕೊಂಡ. ಒಟ್ಟು 36,000. ಅದರಲ್ಲಿ ಬೇಸಿಕ್ 12,000. ಮನೆ ಬಾಡಿಗೆ, ಓಡಾಟ ಎಂಬ ಭತ್ಯೆಗಳು 24,000. ಆರು ತಿಂಗಳು ಮೀರಿದ್ದರಿಂದ ಸರ್ವಿಸ್ ಹದಿಮೂರು ವರ್ಷ. ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ ಇಪ್ಪತ್ತಾರು ದಿನ. ಹಳೆಯ ಲೆಕ್ಕದಲ್ಲಿ ಗ್ರಾಚುಯಿಟಿ 90,000. ಹೊಸದರಲ್ಲಿ ಅರ್ಧದ ಮಿತಿಗಿಂತ ಹೆಚ್ಚಿರುವ 6,000 ಬೇಸಿಕ್ಕಿಗೆ ಸೇರಿ ವೇತನ 18,000, ಗ್ರಾಚುಯಿಟಿ 1,35,000. ನ್ಯಾಪ್‌ಕಿನ್ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಯಿತು. “ಹಾಗಾದರೆ ಕೈಗೆ ಬರುವ ಸಂಬಳ?” ಎಂದು ಒಬ್ಬಳು ಕೇಳಿದಳು. ಪಿಎಫ್ ಕಡಿತ ಹೆಚ್ಚಿದರೆ ಅದು ಕಡಿಮೆಯಾಗಬಹುದು ಎಂಬ ಭಾಗವನ್ನು ಅಣ್ಣ ಸ್ವಲ್ಪ ಮೆಲ್ಲಗೆ ಹೇಳಿದ.

ಈಗ ಎಚ್‌ಆರ್‌ನ ಹೊಸ ಹುಡುಗಿ ಮೇಲ್ ಕಳಿಸುವ ಮುಂಚೆ ಕರಡನ್ನು ಕದ್ದುಮುಚ್ಚಿ ಲ್ಯಾಬಿಗೆ ತರುತ್ತಾಳೆ. “ಅಣ್ಣಾ, ಒಂದು ಸಲ ನೋಡಿಬಿಡಿ. ಆಮೇಲೆ ನೀವೇ ಪ್ರಶ್ನೆ ಕೇಳೋದು ತಪ್ಪುತ್ತೆ.” ಮೊನ್ನೆ ತಂದದ್ದು, ನಲವತ್ತು ದಾಟಿದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂಬ ಹೊಸ ನಿಯಮದ್ದು. ಇಷ್ಟು ವರ್ಷ ಊರಿನವರಿಗೆಲ್ಲ ತಪಾಸಣೆಯ ಪ್ಯಾಕೇಜ್ ಮಾರಿದ ಆಸ್ಪತ್ರೆ ತನ್ನವರ ತೋಳಿಗೆ ಪಟ್ಟಿ ಕಟ್ಟುವ ಕಾಲ. ಅಣ್ಣ ಕೆಳಗಿನಿಂದ ಮೇಲಕ್ಕೆ ಓದಿ, ‘ಹರ್ಷಿಸುತ್ತೇವೆ’ಯನ್ನು ಹೊಡೆದು ಹಾಕಿ, ಕಾಗದ ವಾಪಸು ಕೊಟ್ಟ.

“ಪಟ್ಟಿಯಲ್ಲಿ ನಿಮ್ಮದೇ ಮೊದಲ ಹೆಸರು. ನಾಳೆ ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಬನ್ನಿ” ಎಂದಳು ಹುಡುಗಿ.

“ನನ್ನ ಡ್ಯೂಟಿ ಎಂಟಕ್ಕೆ” ಎಂದ ಅಣ್ಣ, ಎರಡನೇ ಪೆನ್ನಿನ ಮುಚ್ಚಳ ತೆಗೆಯುತ್ತ. “ಆ ಒಂದು ಗಂಟೆ ಓವರ್‌ಟೈಮ್ ಆಗುತ್ತೋ, ಕಾಂಪ್ ಆಫ್ ಆಗುತ್ತೋ? ಲಿಖಿತವಾಗಿ ಕೊಡಿ.”