ಕೆಂಪು ಕಣಗಳ ಸನ್ನಿಧಾನಕ್ಕೆ

ಪರಮಪೂಜ್ಯ ಫೆರಿಕ್ ಆಕ್ಸೈಡ್ ಕಣಗಳೇ,

ಸಾಷ್ಟಾಂಗ ನಮಸ್ಕಾರ. ನಮ್ಮ ಸಂಡೂರಿನ ಬೆಟ್ಟಗಳಲ್ಲಿ ಹೆಮಟೈಟ್ ಅದಿರಾಗಿ ನೆಲೆಸಿರುವ ತಾವು ಲಿಥಿಯಂ-ಅಯಾನ್ ಬ್ಯಾಟರಿಯ ಆನೋಡಿಗೂ ದಯಮಾಡಿಸಿದ್ದೀರಿ. ಗ್ರಾಫೈಟ್ ಗ್ರಾಂಗೆ 372 ಮಿಲಿಆಂಪಿಯರ್-ಗಂಟೆ ಹಿಡಿದರೆ, ಲೆಕ್ಕದ ಪ್ರಕಾರ ತಮ್ಮದು 1007. 2000ದಲ್ಲಿ ಫ್ರಾನ್ಸಿನ ಅಮಿಯಾ ನಗರದ ತಾರಾಸ್ಕೋನ್ ಮತ್ತು ಸಂಗಡಿಗರು ಕೋಬಾಲ್ಟ್, ನಿಕ್ಕಲ್, ಕಬ್ಬಿಣದ ಆಕ್ಸೈಡುಗಳ ನ್ಯಾನೊಕಣಗಳಿಂದ 700ರಷ್ಟು ಪಡೆದು ತೋರಿಸಿದರು. ಅಂದಿನಿಂದ ತಮ್ಮ ಬಳಗದ ಸೇವೆಗೆ ಕಾದಿರುವವರಲ್ಲಿ ನಾನೂ ಒಬ್ಬ.

ಗೋಳ, ಕಡ್ಡಿ, ಕೊಳವೆ, ಹಾಳೆ, ಟೊಳ್ಳುಗುಂಡು: ತಾವು ತಾಳದ ರೂಪವಿಲ್ಲ. 5 ಮೈಕ್ರಾನಿನ ಗೋಳವಾಗಿದ್ದ ತಾವು 50 ನ್ಯಾನೊಮೀಟರಿಗೆ ಇಳಿದರೆ, ಲಿಥಿಯಂ ತಮ್ಮ ಒಡಲಿನ ನಡುವನ್ನು ಮುಟ್ಟುವ ಸಮಯ ಹತ್ತು ಸಾವಿರ ಪಾಲು ಕಡಿಮೆಯಾಗುತ್ತದೆ. ಈ ಉಪಕಾರವನ್ನು ಮರೆಯಲಾರೆ. ಆದರೆ ಅದೇ ಇಳಿಕೆಯಲ್ಲಿ ಪ್ರತಿ ಗ್ರಾಂನ ಹೊರಮೈ ನೂರು ಪಟ್ಟು ಹಿಗ್ಗುತ್ತದೆ. ಅಷ್ಟೂ ಮೈಮೇಲೆ ಎಲೆಕ್ಟ್ರೊಲೈಟ್ ಒಡೆದು ಪೊರೆ ಕಟ್ಟುತ್ತದೆ; ಅದರಲ್ಲಿ ಸಿಕ್ಕಿಬಿದ್ದ ಲಿಥಿಯಂ ವಾಪಸು ಬರುವುದಿಲ್ಲ. ಚಾರ್ಜ್-ಡಿಸ್ಚಾರ್ಜಿನ ಮೊದಲ ಸುತ್ತಿನಲ್ಲೇ ಲಿಥಿಯಂನ ಕಾಲುಭಾಗ ಕಳೆದುಹೋಗುವುದು ತಮ್ಮಲ್ಲಿ ಸಾಮಾನ್ಯ. ಪರೀಕ್ಷೆಯ ಕಾಯಿನ್ ಸೆಲ್ಲಿನಲ್ಲಿ ಎದುರಿಗೆ ಲಿಥಿಯಂ ಲೋಹದ ಬಿಲ್ಲೆಯೇ ಕೂತಿರುವುದರಿಂದ ಆ ಕೊರತೆ ಆಗಿಂದಾಗಲೇ ತುಂಬುತ್ತದೆ. ನಿಜವಾದ ಬ್ಯಾಟರಿಯಲ್ಲಿ ಲಿಥಿಯಂ ಅಷ್ಟೂ ಕ್ಯಾಥೋಡಿನಿಂದ ಬರಬೇಕು. ಅಲ್ಲಿ ತುಂಬಿಕೊಡುವವರು ಯಾರು, ಸ್ವಾಮೀ?

ಲಿಥಿಯಂ ಹೊಕ್ಕಾಗ ತಮ್ಮ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಿಗ್ಗಲು ಜಾಗವಿರಲೆಂದು ತಾವು ಟೊಳ್ಳಾದಿರಿ. ಕಣ ಬಿರಿಯುವುದು ತಗ್ಗಿತು, ಧನ್ಯನಾದೆ. ಆದರೆ ಅಕ್ಕಿ ತುಂಬುವ ಡಬ್ಬಕ್ಕೆ ಮಂಡಕ್ಕಿ ಸುರಿದಂತಾಗಿದೆ ನಮ್ಮ ಸ್ಥಿತಿ. ಗ್ರಾಂ ಲೆಕ್ಕದಲ್ಲಿ ತಾವು ಸಿರಿವಂತರು. ಫೋನಿನೊಳಗೆ ಇರುವುದು ಘನ ಸೆಂಟಿಮೀಟರುಗಳ ಲೆಕ್ಕ.

ಇದಕ್ಕಿಂತ ನನ್ನನ್ನು ನೋಯಿಸುವ ಸಂಗತಿ ಬೇರೆ ಇದೆ. ತಮ್ಮ ಒಂದೊಂದು ಆಕಾರವನ್ನೂ ಸಿದ್ಧಪಡಿಸಲು ವಿದ್ಯಾರ್ಥಿಗಳು ಆಟೋಕ್ಲೇವಿನ ಮುಂದೆ ರಾತ್ರಿ ಕಳೆಯುತ್ತಾರೆ. ಲಿಥಿಯಂ ಪೂರ್ತಿ ಒಳಹೊಕ್ಕ ಮೊದಲ ಸಲವೇ ತಾವು ಕೆಲವೇ ನ್ಯಾನೊಮೀಟರಿನ ಕಬ್ಬಿಣದ ಹರಳುಗಳಾಗಿ ಚೂರಾಗಿ, ಲಿಥಿಯಂ ಆಕ್ಸೈಡಿನ ನಡುವೆ ಹರಡಿಹೋಗುತ್ತೀರಿ. ಹೊರರೇಖೆ ಕೆಲವೊಮ್ಮೆ ಉಳಿದೀತು, ಸ್ಫಟಿಕದ ಮುಖಗಳು ಉಳಿಯುವುದಿಲ್ಲ. ಹಾಗಿದ್ದೂ ನೂರನೇ ಸುತ್ತಿನ ಸಾಮರ್ಥ್ಯಕ್ಕೆ ಮೊದಲ ದಿನದ ಚೆಲುವೇ ಕಾರಣವೆಂದು ತಮ್ಮ ಪರವಾಗಿ ವಾದ ನಡೆಯುತ್ತದೆ. ನನ್ನ ಮಟ್ಟಿಗೆ ಇದು ಅನ್ಯಾಯ. ಆಕಾರ ಬಿಟ್ಟುಹೋಗುವುದು ಖಾಲಿ ಜಾಗವನ್ನು, ಸಂಪರ್ಕದ ದಾರಿಗಳನ್ನು; ಅಳೆಯಬೇಕಾದದ್ದು ಅವನ್ನೇ.

ಇನ್ನು ಲಿಥಿಯಂ ಒಳಹೋಗುವ ವೋಲ್ಟೇಜಿಗೂ ಹೊರಬರುವ ವೋಲ್ಟೇಜಿಗೂ ಸುಮಾರು ಒಂದು ವೋಲ್ಟಿನ ಅಂತರವಿಟ್ಟು, ಆ ಶಕ್ತಿಯನ್ನು ಶಾಖವಾಗಿ ಕಳೆಯುತ್ತೀರಿ. ಯಾವ ಅವತಾರದಲ್ಲೂ ತಾವು ಈ ಪದ್ಧತಿಯನ್ನು ಕೈಬಿಟ್ಟಿಲ್ಲ.

ಆದ್ದರಿಂದ ತಮ್ಮ ಪಾದಕ್ಕೆರಗಿ ಬೇಡುವುದಿಷ್ಟು. ಸಣ್ಣ ಕಣಗಳಾಗಿಯೇ ಇರಿ. ಆದರೆ ಮೈಕ್ರಾನ್ ಗಾತ್ರದ ಗಟ್ಟಿ ಉಂಡೆಗಳಾಗಿ ಒತ್ತಾಗಿ ಕೂಡಿ, ಉಬ್ಬಲು ಬೇಕಾದಷ್ಟೇ ಸಂದು ಇಟ್ಟುಕೊಳ್ಳಿ. ಕ್ಯಾಥೋಡಿನ ಎದುರು ಕೂತು ಪರೀಕ್ಷೆ ಕೊಡಿ. ನೂರು ಸುತ್ತು ಮುಗಿದ ಮೇಲೆ ಸೆಲ್ ಬಿಚ್ಚಿ, ಆಗ ಉಳಿದಿರುವ ರೂಪವನ್ನೂ ಸೂಕ್ಷ್ಮದರ್ಶಕಕ್ಕೆ ತೋರಿಸಿ.

ಇಂತಿ ತಮ್ಮ ವಿಧೇಯ,
ಸೆಲ್ ಕಟ್ಟುವವನು