ಎಂ.ಎಸ್. ರಾಯರು

ನಮ್ಮ ಬಡಾವಣೆಯಲ್ಲಿ ರಾಯರು ಅಂದರೆ ಯಾರೂ ಮನೆ ತೋರಿಸುವುದಿಲ್ಲ; ಎಂ.ಎಸ್. ರಾಯರು ಅನ್ನಬೇಕು. ಅವರ ಇನಿಷಿಯಲ್ಲು ಬೇರೆಯೇ. ಎಂ.ಎಸ್. ಓದುತ್ತಿರುವವನು ಮಗ, ಅಮೆರಿಕದಲ್ಲಿ. ಪದವಿ ಬರುವ ಮೊದಲೇ ಅದನ್ನು ಹೆಸರಿಗೆ ಅಂಟಿಸಿಕೊಂಡು ಓಡಾಡುವವರು ಅಪ್ಪ, ಇಲ್ಲಿ. ದಕ್ಷಿಣ ಬೆಂಗಳೂರಿನ ಯಾವ ಪಾರ್ಕಿಗಾದರೂ ಬೆಳಗ್ಗೆ ಆರಕ್ಕೆ ಹೋಗಿ, ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ: ಮಂಕಿ ಕ್ಯಾಪು, ಬಿಳಿ ಶೂ, ಕೈಯಲ್ಲಿ ಫೋನು, ಫೋನಿನಲ್ಲಿ ಡಾಲರ್ ರೇಟು.

ಹೋದ ಬೇಸಿಗೆಯಲ್ಲಿ ಅವರು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: “ನಮ್ಮವನಿಗೆ ಐ-ಟ್ವೆಂಟಿ ಬಂತು ಕಣ್ರೀ.”

ಪಾಪದ ಮನುಷ್ಯರೊಬ್ಬರು ಕೇಳಿದರು: “ಒಳ್ಳೇದು ಸಾರ್. ಆನ್‌ರೋಡ್ ಎಷ್ಟಾಯ್ತು?”

“ವರ್ಷಕ್ಕೆ ನಲವತ್ತೈದು ಲಕ್ಷ.”

ಆ ಮನುಷ್ಯರು ಈಗಲೂ ಹುಂಡೈ ಷೋರೂಮಿನ ಕಡೆ ತಲೆ ಹಾಕುತ್ತಿಲ್ಲ. ಐ-20 ಅಂದರೆ ಅಮೆರಿಕದ ವಿಶ್ವವಿದ್ಯಾಲಯ ವೀಸಾಕ್ಕಾಗಿ ಕೊಡುವ ಕಾಗದ; ಒಂದು ವರ್ಷದ ಫೀಸು, ಊಟ, ಬಾಡಿಗೆ, ವಿಮೆ ಎಲ್ಲ ಕೂಡಿಸಿ ಇಷ್ಟು ಡಾಲರ್ ತೋರಿಸಿ ಎಂದು ಅದರಲ್ಲಿ ಬರೆದಿರುತ್ತದೆ. ಎರಡನೇ ವರ್ಷದ ಮಾತು ಎತ್ತಿದರೆ ರಾಯರು ಆಕಾಶ ನೋಡುತ್ತಾರೆ. “ದೇವರಿದ್ದಾನೆ. ಪಿ.ಎಫ್. ಇದೆ.”

ಮಗನಿಗೆ ಮೊದಲು ಇದ್ದ ಆಸೆ ಐಐಎಸ್ಸಿ. ಮನೆಯಿಂದ ಒಂದು ಬಸ್ಸು, ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್. ಸೇರಿದರೆ ಸರ್ಕಾರವೇ ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ. ರಾಯರು ಒಪ್ಪಲಿಲ್ಲ. “ಅಲ್ಲಿ ಸೀಟು ಸಿಗೋದು ಕಷ್ಟ ಮರಿ, ಅಮೆರಿಕಾ ಸುಲಭ” ಎಂದರು. ಇದು ತಮಾಷೆಯಲ್ಲ, ಅಕ್ಷರಶಃ ನಿಜ. ಓದಲು ದುಡ್ಡು ಕೊಡುವ ಕಡೆ ಸೀಟು ಸಿಗುವುದಿಲ್ಲ. ಸೀಟು ಸಿಗುವ ಕಡೆ ದುಡ್ಡು ಕೇಳುತ್ತಾರೆ. “ಸಿ.ಎನ್.ಆರ್. ರಾವ್ ಪರ್ಡ್ಯೂಗೆ ಹೋಗ್ಲಿಲ್ವೇ?” ಎಂದು ನಮ್ಮನ್ನೂ ಕೇಳಿದರು. ಹೋದರು, 1958ರಲ್ಲಿ ಡಾಕ್ಟರೇಟನ್ನೂ ಪಡೆದರು. ಅದು ಪಿಎಚ್‌.ಡಿ. ಅಲ್ಲಿನ ವಿಶ್ವವಿದ್ಯಾಲಯಗಳು ಪಿಎಚ್‌.ಡಿ. ಹುಡುಗರಿಗೆ ಸಾಮಾನ್ಯವಾಗಿ ಫೀಸು ಬಿಟ್ಟು ಸಂಬಳದಂತೆ ಒಂದಿಷ್ಟು ಕೊಡುತ್ತವೆ. ಎಂ.ಎಸ್. ಹುಡುಗರ ಪೈಕಿ ಹೆಚ್ಚಿನವರು ಕೈಯಿಂದ ಕಟ್ಟುವವರೇ. ರಾಯರು ಇದನ್ನು ಕೇಳಿಸಿಕೊಂಡು ಇನ್ನೊಂದು ಸುತ್ತು ನಡೆಯಲು ಹೊರಟರು.

ವಿಶ್ವವಿದ್ಯಾಲಯ ಆರಿಸಿದ್ದು ಕನ್ಸಲ್ಟೆನ್ಸಿಯವರೂ ಅಲ್ಲ, ಮಗನೂ ಅಲ್ಲ. ರಾಯರ ಹೆಂಡತಿಯ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಮನೆಯಿಂದ ಕಾರಿನಲ್ಲಿ ಎಷ್ಟು ಗಂಟೆ ಎನ್ನುವುದು ಮೊದಲ ಅರ್ಹತೆ. ಹತ್ತಿರ ದೇವಸ್ಥಾನ ಇದೆಯೇ ಎನ್ನುವುದು ಎರಡನೆಯದು. ಪ್ರಾಧ್ಯಾಪಕರು ಏನು ಸಂಶೋಧನೆ ಮಾಡುತ್ತಾರೆ ಎನ್ನುವುದು ಪಟ್ಟಿಯಲ್ಲಿ ಎಲ್ಲೋ ಇತ್ತು, ಸೋನಾ ಮಸೂರಿ ಸಿಗುತ್ತದೆಯೇ ಎನ್ನುವುದರ ಕೆಳಗೆ. ಜಿ.ಆರ್.ಇ. ಪರೀಕ್ಷೆ ಈಗ ಎರಡು ಗಂಟೆಯೊಳಗೆ ಮುಗಿಯುತ್ತದೆ. ಹಾಗಾಗಿ ಅದರ ಬಗ್ಗೆ ನಾನೂ ಹೆಚ್ಚು ಹೇಳುವುದಿಲ್ಲ.

ಆದರೆ ಎಸ್.ಒ.ಪಿ. ಬಗ್ಗೆ ಹೇಳಲೇಬೇಕು. ನಾನೇಕೆ ಓದಬೇಕು ಎಂದು ಹುಡುಗ ತಾನೇ ಬರೆಯಬೇಕಾದ ನಿವೇದನೆ ಅದು. ಮಗ ಎಲ್ಲರಂತೆ ಶುರು ಮಾಡಿದ್ದ: ಚಿಕ್ಕಂದಿನಲ್ಲಿ ಮನೆಯ ರೇಡಿಯೋ ಬಿಚ್ಚಿದಾಗಲೇ ನನಗೆ ಎಲೆಕ್ಟ್ರಾನಿಕ್ಸ್ ಮೇಲೆ ಪ್ರೀತಿ ಹುಟ್ಟಿತು, ಇತ್ಯಾದಿ. ರಾಯರು ಕನ್ನಡಕ ಏರಿಸಿದರು.

“ನೀನೆಲ್ಲಿ ಬಿಚ್ಚಿದ್ದೆ? ನೀನು ಹುಟ್ಟೋ ಹೊತ್ತಿಗೆ ಮನೇಲಿ ರೇಡಿಯೋನೇ ಇರ್ಲಿಲ್ಲ. ಬಿಚ್ಚಿದ್ದು ನಾನು. ಅದಕ್ಕೇ ಇರ್ಲಿಲ್ಲ.”

ಆಮೇಲೆ ಅವರೇ ತಿದ್ದಿದರು. ತಿದ್ದಿದ ಪ್ರತಿ “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ” ಎಂದು ಶುರುವಾಗಿ “ತಮ್ಮ ವಿಶ್ವಾಸಿ” ಎಂದು ಮುಗಿಯಿತು, ಇಂಗ್ಲಿಷಿನಲ್ಲಿ. ಶಿಫಾರಸು ಪತ್ರಗಳದ್ದೂ ಇದೇ ಗತಿ. ಕಾಲೇಜಿನ ಮೂವರು ಮೇಷ್ಟರೂ “ನೀನೇ ಬರ್ಕೊಂಡ್ ಬಾಪ್ಪ, ಅಪ್‌ಲೋಡ್ ಮಾಡ್ತೀನಿ” ಎಂದರು. ಮಗ ಅಪ್ಪನಿಗೆ ಕೊಟ್ಟ. ಮೂರೂ ಪತ್ರಗಳಲ್ಲಿ ಹುಡುಗನ ವ್ಯವಹಾರ ತೃಪ್ತಿಕರವಾಗಿತ್ತು.

ಕಾರಣ, ರಾಯರು ಬ್ಯಾಂಕಿನವರು. ಮೈಸೂರು ಬ್ಯಾಂಕು 2017ರಲ್ಲಿ, ವಿಜಯ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ದೊಡ್ಡ ಬ್ಯಾಂಕುಗಳೊಳಗೆ ಕರಗಿದವಲ್ಲ, ಅವುಗಳಲ್ಲೊಂದರಲ್ಲಿ ಸಾಲ ವಿಭಾಗದಲ್ಲೇ ಕೂದಲು ಬಿಳಿ ಮಾಡಿಕೊಂಡವರು. ಸಾಲ ಕೇಳಿ ಬಂದವರನ್ನು ನೋವಾಗದಂತೆ ವಾಪಸು ಕಳಿಸುವುದರಲ್ಲಿ ಅವರಿಗೆ ಸಮನಿರಲಿಲ್ಲವಂತೆ. ಈಗ ಕೌಂಟರಿನ ಈಚೆ ಕೂತರು. ಆಚೆ ಕೂತಿದ್ದವನು ಅವರ ಕೈಕೆಳಗೇ ಪ್ರೊಬೇಷನರಿಯಾಗಿ ಸೇರಿದ್ದ ಹುಡುಗ.

“ಸಾರ್, ನೀವೇ ಹೇಳಿಕೊಟ್ಟಿದ್ದಲ್ವಾ. ಜಾಮೀನು ಏನಿದೆ?”

ಜಾಮೀನು ಇತ್ತು. ಉತ್ತರಹಳ್ಳಿ ಕಡೆ ಒಂದು ಥರ್ಟಿ ಫಾರ್ಟಿ ಸೈಟು. ಮದರ್ ಡೀಡು, ಮೂವತ್ತು ವರ್ಷದ ಇ.ಸಿ., ಖಾತಾ, ಕಂದಾಯದ ರಸೀದಿಗಳು, ಪ್ಯಾನೆಲ್ ವಕೀಲರ ಅಭಿಪ್ರಾಯ, ವ್ಯಾಲ್ಯುಯರ್ ವರದಿ. ಕಂದಾಯದ ಒಂದು ರಸೀದಿ ಇರಲಿಲ್ಲ. ಸಣ್ಣದು, ಬಿಡು ಎಂದರು ರಾಯರು. ಹುಡುಗ ಬಿಡಲಿಲ್ಲ; ಗುರುವಿಗೆ ತಕ್ಕ ಶಿಷ್ಯ. ರಸೀದಿ ಹುಡುಕುವಾಗಲೇ ರಾಯರಿಗೆ ತಮ್ಮ ಆಸ್ತಿಯ ಪೂರ್ಣ ಸ್ವರೂಪ ತಿಳಿದದ್ದು. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅದಕ್ಕೆ ಒಂದು ಬೆಲೆ. ಬ್ಯಾಂಕಿನ ವ್ಯಾಲ್ಯುಯರ್ ಲೆಕ್ಕದಲ್ಲಿ ಇನ್ನೊಂದು. ವೀಸಾಕ್ಕೆಂದು ಚಾರ್ಟರ್ಡ್ ಅಕೌಂಟೆಂಟರಿಂದ ಬರೆಸಿದ ಆಸ್ತಿ ಪತ್ರದಲ್ಲಿ ಉತ್ತರಹಳ್ಳಿ ಸದಾಶಿವನಗರದ ಪಕ್ಕಕ್ಕೆ ಬಂದಿತ್ತು. ತಮ್ಮ ಸ್ವಂತ ತಮ್ಮನ ಜೊತೆ ಪಾಲಿನ ಮಾತು ಬಂದಾಗ ಮಾತ್ರ ಅದೇ ಸೈಟು ಕೆರೆ ಪಕ್ಕದ ಜವುಳು ನೆಲ.

ಸಾಲ ಮಂಜೂರಾದ ರಾತ್ರಿ ರಾಯರು ಹಳೇ ಡೈರಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ನಲವತ್ತೈದು ಲಕ್ಷಕ್ಕೆ ಶೇಕಡಾ ಹತ್ತರಂತೆ ಬಡ್ಡಿಯೊಂದೇ ತಿಂಗಳಿಗೆ 37,500. ಓದು ಮುಗಿಯುವತನಕ ಕಂತು ಕಟ್ಟಬೇಕಿಲ್ಲ, ಬಡ್ಡಿ ಮಾತ್ರ ರಜೆ ಹಾಕುವುದಿಲ್ಲ. ಆ ಬಡ್ಡಿಯನ್ನು ಆಯಾ ತಿಂಗಳೇ ಕಟ್ಟಿಬಿಟ್ಟರೂ ಆಮೇಲೆ ಹತ್ತು ವರ್ಷ ತಿಂಗಳಿಗೆ ಸುಮಾರು 59,500. ಅಲ್ಲಿ ಕೆಲಸ ಸಿಕ್ಕಿದ ಹುಡುಗನಿಗೆ ಅದು ಏಳುನೂರು ಡಾಲರಿನೊಳಗಿನ ಮಾತು. ಇಲ್ಲಿಗೆ ವಾಪಸು ಬಂದ ಹುಡುಗನಿಗೆ ಪೂರ್ತಿ ಸಂಬಳ.

ಆದ್ದರಿಂದ ಬ್ಯಾಂಕಿನಲ್ಲಿ “ಅಲ್ಲೇ ಕೆಲಸ ಮಾಡ್ತಾನೆ, ಯೋಚನೆ ಬೇಡ” ಎಂದು ಹೇಳಿ ಬಂದಿದ್ದರು. ಆದರೆ ಅಮೆರಿಕದ ಕಾನೂನಿನ 214(ಬಿ) ಎಂಬ ಕಲಮಿನ ಪ್ರಕಾರ ವೀಸಾ ಕೇಳುವವನು ಅಲ್ಲೇ ನೆಲೆಸಲು ಬಂದವನೆಂದೇ ಲೆಕ್ಕ; ಅಲ್ಲ ಎಂದು ಅವನೇ ತೋರಿಸಿಕೊಡಬೇಕು. ಹಾಗಾಗಿ ಮನೆಯ ಹಾಲ್‌ನಲ್ಲಿ ರಿಹರ್ಸಲ್. ರಾಯರು ವೀಸಾ ಅಧಿಕಾರಿ, ಹೆಗಲ ಮೇಲೆ ಟವಲು.

“ಓದು ಮುಗಿದ ಮೇಲೆ ಏನ್ಮಾಡ್ತೀಯ?”

“ವಾಪಸ್ ಬರ್ತೀನಿ.”

“ಯಾಕೆ?”

“ಅಪ್ಪ ಅಮ್ಮ ಇಲ್ಲೇ ಇದಾರೆ. ಒಳ್ಳೆ ಕೆಲಸಗಳೂ ಇಲ್ಲೇ ಇವೆ.”

ಅಡುಗೆಮನೆಯಿಂದ ಅಮ್ಮನ ದನಿ ಬಂತು: “ಹಾಗಿದ್ಮೇಲೆ ಹೋಗೋದ್ಯಾಕ್ರೀ?”

ವೀಸಾ ಅಧಿಕಾರಿ ಟವಲು ಕೊಡವಿಕೊಂಡು ಎದ್ದುಹೋದರು.

ಬೆಂಗಳೂರಿನಲ್ಲೂ ಅಮೆರಿಕದ ದೂತಾವಾಸ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ರಾಯರು ಪೇಪರಿನ ಆ ತುಂಡನ್ನು ಕತ್ತರಿಸಿಟ್ಟುಕೊಂಡಿದ್ದರು. ವೀಸಾ ಮಾತ್ರ ಅಲ್ಲಿ ಕೊಡುತ್ತಿರಲಿಲ್ಲ. ಚೆನ್ನೈನಲ್ಲಿ ದಿನ ಸಿಗದೆ ಹೈದರಾಬಾದಿಗೆ ಹೋದರು. ಹೋದವರು ಚಿಲ್ಕೂರಿನ ವೀಸಾ ಬಾಲಾಜಿಯನ್ನು ಬಿಡುತ್ತಾರೆಯೇ? ಬೇಡಿಕೊಳ್ಳುವಾಗ ಹನ್ನೊಂದು ಪ್ರದಕ್ಷಿಣೆ, ಕೈಗೂಡಿದ ಮೇಲೆ ನೂರೆಂಟು. “ಅಸಲು ಹನ್ನೊಂದು, ಬಡ್ಡಿ ತೊಂಬತ್ತೇಳು” ಎಂದರು ರಾಯರು. ಆ ವರ್ಷದ ಜೂನ್‌ನಲ್ಲೇ ಒಂದು ಹೊಸ ನಿಯಮವೂ ಬಂತು: ವಿದ್ಯಾರ್ಥಿಗಳು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಮಗನ ಇನ್‌ಸ್ಟಾಗ್ರಾಮನ್ನು ರಾಯರು ಜನ್ಮದಲ್ಲಿ ಮೊದಲ ಬಾರಿ ನೋಡಿದರು. ಅಮೆರಿಕ ಸರ್ಕಾರಕ್ಕೆ ಅದರಲ್ಲಿ ಆಕ್ಷೇಪಾರ್ಹವಾದದ್ದು ಏನೂ ಸಿಗಲಿಲ್ಲ. ರಾಯರಿಗೆ ಗೋವಾ ಸಿಕ್ಕಿತು.

ಮಗ ಆಗಸ್ಟಿನಲ್ಲಿ ಹೋದ, ಇಪ್ಪತ್ಮೂರು ಕೆಜಿಯ ಎರಡು ಪೆಟ್ಟಿಗೆ, ಒಂದು ಕುಕ್ಕರು, ಮೂರು ಗ್ಯಾಸ್ಕೆಟ್ಟು. ಸೆಪ್ಟೆಂಬರಿನಲ್ಲಿ ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಸುದ್ದಿ ಬಂದಾಗ ರಾಯರು ವಾಕಿಂಗ್ ನಿಲ್ಲಿಸಿದ್ದರು. “ಅದು ಕಂಪನಿ ಕಟ್ಟೋದು, ಹುಡುಗ ಅಲ್ಲ” ಎಂದು ಸಮಾಧಾನ ಮಾಡಿಕೊಂಡು ಮತ್ತೆ ಬಂದರು. ಅಷ್ಟೊಂದು ದುಡ್ಡನ್ನು ಯಾವ ಕಂಪನಿ ಕಟ್ಟೀತು ಎಂದು ನಾವು ಕೇಳಲಿಲ್ಲ. ಡಿಸೆಂಬರಿನಲ್ಲಿ ಡಾಲರ್ ತೊಂಬತ್ತು ದಾಟಿತು. ಒಂದು ರೂಪಾಯಿ ಏರಿದರೆ ವರ್ಷದ ಲೆಕ್ಕ ಐವತ್ತು ಸಾವಿರ ಚಿಲ್ಲರೆ ಏರುತ್ತದೆ. ರಿಸರ್ವ್ ಬ್ಯಾಂಕು ಏನು ಮಾಡಬೇಕು ಎಂದು ಈಗ ನಮ್ಮ ಪಾರ್ಕಿನ ಮೂರನೇ ಬೆಂಚಿನಲ್ಲಿ ನಿರ್ಧಾರವಾಗುತ್ತಿದೆ.

ನಿಮ್ಮ ಮನೆಯಲ್ಲೂ ಈ ವರ್ಷ ಕಳಿಸುವ ಯೋಚನೆ ಇದ್ದರೆ ಕನ್ಸಲ್ಟೆನ್ಸಿಗೆ ಹೋಗುವ ಮೊದಲು ರಾಯರನ್ನು ಒಮ್ಮೆ ಕಂಡುಬನ್ನಿ. ಫೀಸಿಲ್ಲ, ಕಮಿಷನ್ನಿಲ್ಲ, ಕಾಫಿಯೂ ಅವರ ಮನೆಯದೇ. ಮಗುವನ್ನು ಕರೆದೊಯ್ಯುವ ಅಗತ್ಯವಿಲ್ಲ, ಸೈಟಿನ ಕಾಗದ ಒಯ್ದರೆ ಸಾಕು. ಬಿ ಖಾತಾ ಆಗಿದ್ದರೆ ಐಐಎಸ್ಸಿಗೇ ಪ್ರಯತ್ನಿಸಿ.